ರಾಮಲಿಂಗಂ ಉಳಿಸಿದ ನಾಲ್ಕು ಪೆಟ್ಟು

ದಿಂಬಂ

ದಿಂಬಂ ಘಾಟಿಯಲ್ಲಿ ಇಪ್ಪತ್ತೇಳು ತಿರುವುಗಳಿವೆ. ಮೈಸೂರಿನ ಕಡೆಯಿಂದ ಇಳಿಯುವವರಿಗೆ ಆ ಎಣಿಕೆ ತಲೆಕೆಳಗು; ಮೊದಲು ಇಪ್ಪತ್ತೇಳು, ಕೊನೆಗೆ ಒಂದು. ಇಪ್ಪತ್ತರ ಹೊತ್ತಿಗೆ ನನ್ನ ಪಕ್ಕದಲ್ಲಿದ್ದ ಚಾಮರಾಜನಗರದ ಹೆಂಗಸು ಕಣ್ಣು ಮುಚ್ಚಿ ನನ್ನ ಭುಜಕ್ಕೊರಗಿದರು. ಹದಿನಾಲ್ಕರ ಹೊತ್ತಿಗೆ ನಾನು ಅವರ ಭುಜಕ್ಕೊರಗಿದೆ. ನಿಂಬೆಹಣ್ಣು ಒಂದೇ ಇತ್ತು, ಅದನ್ನು ಸರದಿಯ ಮೇಲೆ ಮೂಸಿದೆವು. ಬಣ್ಣಾರಿಯಲ್ಲಿ ಬಸ್ಸು ನಿಂತಾಗ ಅವರು, "ನಿಮ್ ಹೆಸ್ರೇನ್ ತಾಯಿ?" ಎಂದು ಕೇಳಿದರು. ಅಷ್ಟು ಹೊತ್ತು ಒಬ್ಬರ ಮೇಲೊಬ್ಬರು ಬಿದ್ದುಕೊಂಡು ಬಂದವರಿಗೆ ಹೆಸರು ಕೇಳಲು ನೆಲ ಸಮವಾಗಬೇಕಾಯಿತು.

"ವಸುಧಾ" ಎಂದೆ. ಎಲ್ಲಿಗೆ, ಯಾಕೆ ಎಂದು ಕೇಳಿದರು. ಕೊಯಮತ್ತೂರಿಗೆ, ಒಬ್ಬರನ್ನು ಹುಡುಕುವುದಕ್ಕೆ ಎಂದೆ. ಅವರು ಅಯ್ಯೋ ಪಾಪ ಎನ್ನುವ ಮುಖ ಮಾಡಿದರು. ಯಾರೂ ಕಳೆದುಹೋಗಿಲ್ಲ, ನಾಲ್ಕು ಪೆಟ್ಟು ಬಾಕಿ ಇದೆ, ಅದನ್ನು ಕೇಳಿ ಪಡೆಯಲು ಹೊರಟಿದ್ದೇನೆ ಎಂದು ಹೇಳಿದ್ದರೆ ಅವರು ಸೀಟು ಬದಲಾಯಿಸುತ್ತಿದ್ದರೇನೋ.

ಓದುಗರಿಗಾದರೂ ಹೇಳಿಬಿಡುತ್ತೇನೆ. ಮೂವತ್ತೈದು ವರ್ಷದ ಹಿಂದೆ ನಾನು ಕೊಯಮತ್ತೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಎರಡು ವರ್ಷ ಎಂ.ಎಸ್ಸಿ. ಓದಿದೆ. ಓದಿದ್ದಕ್ಕಿಂತ ಹಾಡಿದ್ದು ಹೆಚ್ಚು. ನಮ್ಮದೊಂದು ಬ್ಯಾಂಡ್ ಇತ್ತು. ಊರು ಗಿರಣಿಗಳದ್ದಾದ್ದರಿಂದ ಹೆಸರು 'ಥರ್ಡ್ ಶಿಫ್ಟ್'. ವಿದೇಶದ ಕ್ಯಾಸೆಟ್ಟುಗಳಲ್ಲಿ ಆಗ ನ್ಯೂ ವೇವ್ ಎಂಬ ಬಗೆಯ ಹಾಡು ಬರುತ್ತಿತ್ತು. ಗಿಟಾರಿನ ಅರಚಾಟ ಕಡಿಮೆ, ತಣ್ಣಗೆ ಕೊರೆಯುವ ಕೀಬೋರ್ಡು, ಎಲ್ಲೂ ಬಳುಕದೆ ನೇರ ನಡೆಯುವ ಡ್ರಮ್ಸು. ನಾವು ಅದೇ. ಡ್ರಮ್ಸ್ ಬಾರಿಸುತ್ತಿದ್ದವನೂ ಹಾಡು ಬರೆಯುತ್ತಿದ್ದವನೂ ಒಬ್ಬನೇ, ರಾಮಲಿಂಗಂ. ಕಾರಮಡೈ ಕಡೆಯ ನೇಕಾರರ ಮನೆಯವನು. ಅವನ ಮನೆಮಾತು ಕನ್ನಡ.

ನಮ್ಮ ಕೊನೆಯ ಕಾರ್ಯಕ್ರಮದಲ್ಲಿ ಕೊನೆಯ ಹಾಡಿನ ಕೊನೆಯ ಸಾಲನ್ನು ನಾನು ಹಾಡಿದೆ. ಅದಾದ ಮೇಲೆ ಡ್ರಮ್ಮಿನ ನಾಲ್ಕು ಪೆಟ್ಟು, ಹಾಡು ಮುಗಿಯಿತು, ಯಾವಾಗಲೂ ಹಾಗೆಯೇ. ಅವತ್ತು ರಾಮಲಿಂಗಂ ಕಡ್ಡಿಗಳನ್ನು ಕೆಳಗಿಟ್ಟು ಎದ್ದುಹೋದ. ನಾನು ಮೈಕಿನ ಮುಂದೆ ಬಾಯಿ ತೆರೆದುಕೊಂಡು ನಿಂತೆ. ಜನ ಕರೆಂಟು ಹೋಯಿತೆಂದುಕೊಂಡರು.

ಅವತ್ತು ಮಧ್ಯಾಹ್ನವಷ್ಟೇ ನಾನು, ಮೈಸೂರಿನಲ್ಲಿ ಮದುವೆ ಗೊತ್ತಾಗಿದೆ, ನಾಳೆ ಹೊರಡುತ್ತೇನೆ ಎಂದು ಎಲ್ಲರಿಗೂ ಹೇಳಿದ್ದೆ. ಸಿಟ್ಟಿಗೆ ಹೀಗೆ ಮಾಡಿದ, ತುಂಬಿದ ಸಭೆಯಲ್ಲಿ ಅವಮಾನ ಮಾಡಿದ ಎಂದುಕೊಂಡೆ. ಮಾತಾಡದೆ ಊರಿಗೆ ಬಂದೆ. ಅವನು ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಆದರೆ ಅಂದಿನಿಂದ ಕುಕ್ಕರು ಮೂರು ಸಲ ಕೂಗಿ ಸುಮ್ಮನಾದರೆ ನಾನು ಒಲೆ ಆರಿಸದೆ ನಾಲ್ಕನೆಯದಕ್ಕೆ ಕಾಯುತ್ತಿದ್ದೆ. ನಮ್ಮ ಯಜಮಾನರಿಗೆ ಈ ಕಥೆ ಬಾಯಿಪಾಠ. ಮೈಸೂರಿನ ಬಸ್ ನಿಲ್ದಾಣದಲ್ಲಿ ಬ್ಯಾಗು ಮೇಲಿಟ್ಟು, "ಹೋಗು ಮಾರಾಯ್ತಿ, ಆ ನಾಲ್ಕು ಪೆಟ್ಟು ಇಸ್ಕೊಂಡು ಬಾ. ಅನ್ನ ಸೀದುಹೋಗೋದಾದ್ರೂ ತಪ್ಪುತ್ತೆ" ಎಂದು ಕಳಿಸಿದರು.

ಮದುಕ್ಕರೈ

ಕೊಯಮತ್ತೂರಿನಲ್ಲಿ ನನ್ನ ಮೊದಲ ತಪ್ಪು ಟೌನ್ ಬಸ್ಸಿನಲ್ಲೇ ಆಯಿತು. ನಮ್ಮಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ಅಲ್ಲಿ ಹೆಂಗಸರು ಎಡಕ್ಕೆ, ಗಂಡಸರು ಬಲಕ್ಕೆ. ಎರಡು ವರ್ಷ ಅದೇ ಬಸ್ಸುಗಳಲ್ಲಿ ತಿರುಗಿದವಳು ಅದನ್ನು ಮರೆತು ಬಲಗಡೆ ಕಿಟಕಿ ಹಿಡಿದು ಕೂತೆ. ಪಂಚೆಯ ತಾತ ಒಬ್ಬರು ನನ್ನ ಪಕ್ಕದ ಜಾಗ ಖಾಲಿಯಿದ್ದರೂ ಕಂಬಿ ಹಿಡಿದು ನಿಂತೇ ಬಂದರು. ಮದುಕ್ಕರೈ ಹತ್ತಿರವಾದಾಗ ಕಂಡಕ್ಟರ್ ಇದು ಗಂಡಸರ ಕಡೆ ಎಂದು ಮೆಲ್ಲಗೆ ಹೇಳಿದ. ನಾನು ಗಾಬರಿಯಾಗಿ ಎದ್ದರೆ ತಾತ, "ಪರವಾಯಿಲ್ಲೀಂಗಮ್ಮಾ, ಉಕ್ಕಾರುಂಗ" ಎಂದು ಕೂತುಕೊಳ್ಳಲು ಹೇಳಿದರು. ಅಲ್ಲಿಯವರ ಮಾತಿನ ತುದಿಗೆ ಒಂದು 'ಂಗ' ಇರುತ್ತದೆ, ಅದು ಮರ್ಯಾದೆ. ಬೈದರೂ ಆ 'ಂಗ' ಬಿಡುವುದಿಲ್ಲ.

ಜೋಸೆಫ್ ನಮ್ಮ ಬ್ಯಾಂಡಿನ ಕೀಬೋರ್ಡಿನವನು. ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಅಲ್ಲೇ ಇದ್ದಾನೆ. ಹೊಸವರ್ಷಕ್ಕೆ ಎಲ್ಲಿಂದಲೋ ನನ್ನ ನಂಬರು ಹಿಡಿದು ಫೋನ್ ಮಾಡಿ, ಒಂದು ಸಲ ಬಂದು ಹೋಗು ಎಂದಿದ್ದ. ಅವನ ತಲೆಕೂದಲು ಪೂರ್ತಿ ಬೆಳ್ಳಗಾಗಿತ್ತು. ಆಗೆಲ್ಲ ಮದುಕ್ಕರೈಯಲ್ಲಿ ಅಭ್ಯಾಸ ಮುಗಿಸಿ ಹೊರಟರೆ ಸಿಮೆಂಟಿನ ಧೂಳು ಕೂತು ಎಲ್ಲರ ತಲೆಯೂ ಹೀಗೇ ಇರುತ್ತಿತ್ತು. ಹಾಗಾಗಿ ಅವನನ್ನು ಗುರುತು ಹಿಡಿಯುವುದು ಕಷ್ಟವಾಗಲಿಲ್ಲ.

ನಾವು ಅಭ್ಯಾಸ ಮಾಡುತ್ತಿದ್ದ ಶೆಡ್ಡನ್ನು ತೋರಿಸಲು ಕರೆದೊಯ್ದ. ಈಗ ಅಲ್ಲಿ ಟೈಲ್ಸ್ ಜೋಡಿಸಿಟ್ಟಿದ್ದಾರೆ. ರಾಮಲಿಂಗಂ ಮೊದಲ ಸಲ ಬಂದದ್ದು ಇದೇ ಬಾಗಿಲಿಗೆ, ಮುರಿದ ಮಗ್ಗದ ಮರದಿಂದ ತಾನೇ ಕೆತ್ತಿಕೊಂಡ ಎರಡು ಕಡ್ಡಿ ಹಿಡಿದುಕೊಂಡು. ಎಲ್ಲಿ ಕಲಿತೆ ಎಂದರೆ, "ಅಪ್ಪನ ಮಗ್ಗದಲ್ಲಿ" ಎಂದ. ನಾವು ನಕ್ಕೆವು. ಅವನು ಕೂತು ಬಾರಿಸಿದ. ಕಾಲು ಒಂದು ಕಡೆ, ಕೈ ಒಂದು ಕಡೆ, ಒಂದು ಕೂದಲೆಳೆ ಆಚೀಚೆ ಇಲ್ಲ. ಕ್ಯಾಸೆಟ್ಟಿನಲ್ಲಿ ಕೇಳಿ ಕೇಳಿ ನಮಗೆ ಬಾರದೆ ಹೋದದ್ದು ಅವನಿಗೆ ಹುಟ್ಟಿನಿಂದಲೇ ಬಂದಿತ್ತು.

ಹಾಡು ಬರೆಯಲು ಶುರುಮಾಡಿದ್ದು ಆಮೇಲೆ. ಕನ್ನಡದಲ್ಲೇ ಬರೆದ, ತಮಿಳು ಅಕ್ಷರದಲ್ಲಿ. ಅವನಿಗೆ ಕನ್ನಡ ಓದಲು ಬಾರದು. ಅವನು ಓದಿ ಹೇಳಬೇಕು, ನಾನು ಬರೆದುಕೊಳ್ಳಬೇಕು. ಆ ಕೊನೆಯ ಹಾಡು ಹೀಗಿತ್ತು:

ಬೆಳಕಾಗೋ ಮುಂಚೆ ಎದ್ದು ನೂಲು ನೆನೆ ಹಾಕ್ದೆ
ನೀ ಬರೋ ದಾರಿ ನೋಡಿ ಕಣ್ಣು ನೆನೆ ಹಾಕ್ದೆ
ಬಾಗ್ಲು ಸಾತಿಲ್ಲ, ತಳ್ಳಿದ್ರೆ ಸಾಕು

'ಸಾತು' ಎಂದರೆ ಮುಚ್ಚು. "ಸಾತಿಲ್ಲ ಅಂದ್ರೆ ಮೈಸೂರಲ್ಲಿ ಯಾರಿಗೂ ತಿಳಿಯಲ್ಲ" ಎಂದೆ ನಾನು. "ಮೈಸೂರಲ್ಲಿ ಯಾರ್ ಕೇಳ್ತಾವ್ರೆ, ಮೈಸೂರಮ್ಮಾ?" ಎಂದ ಅವನು. ನನ್ನನ್ನು ಅವನು ಹೆಸರು ಹಿಡಿದು ಕರೆದದ್ದೇ ಇಲ್ಲ. ಒಂದು ಸಲ ಕಾರಮಡೈಯಲ್ಲಿ ಹಾಡಿದಾಗ ಅವನ ಬೀದಿಯ ಮುದುಕಿಯರು ಮುಂದಿನ ಸಾಲಿನಲ್ಲಿ ಕೂತಿದ್ದರು. ನ್ಯೂ ವೇವು ಅವರಿಗೇನು ತಿಳಿಯಬೇಕು? "ಮನೆ ಮಾತು ಮೈಕಲ್ಲಿ ಬಂತಲ್ಲಪ್ಪೋ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟು ದೊಡ್ಡ ಚಪ್ಪಾಳೆ ನಮಗೆ ಇನ್ನೆಲ್ಲೂ ಸಿಗಲಿಲ್ಲ.

"ನೀನು ಹೋದ ಮೇಲೆ ಅವನು ಒಂದು ಸಾಲೂ ಬರೆಯಲಿಲ್ಲ" ಎಂದ ಜೋಸೆಫ್ ತಮಿಳಿನಲ್ಲಿ. "ಬ್ಯಾಂಡು ನಿಂತುಹೋಯಿತು. ಅವನು ಆರ್ಕೆಸ್ಟ್ರಾ ಸೇರಿದ. ಮದುವೆ, ಗುಡಿಯ ಹಬ್ಬ, ಹತ್ತು ವರ್ಷ ಸಿನಿಮಾ ಹಾಡಿಗೆ ಬಾರಿಸಿದ. ಆಮೇಲೆ ರಿದಮ್ ಪ್ಯಾಡ್ ಬಂತು. ಒಂದು ಡಬ್ಬಿ, ಒಂದು ಬೆರಳು. ಡ್ರಮ್ಸಿನವನು ಯಾರಿಗೆ ಬೇಕು? ಪಲ್ಲಡಂ ಕಡೆ ಪವರ್‌ಲೂಮ್ ಶೆಡ್ಡಿಗೆ ಹೋದ."

ನಾನು ಕೇಳಬೇಕಾದ್ದನ್ನು ಕೇಳಿದೆ. ಅವತ್ತು ಯಾಕೆ ಎದ್ದುಹೋದ?

"ನಾನೂ ಕೇಳಿದೆ, ವಸು. 'ಅವರಿಗೆ ತಿಳಿಯುತ್ತೆ' ಅಂದ. ಅಷ್ಟೇ."

ನನಗೆ ತಿಳಿಯುತ್ತದಂತೆ! ಮೂವತ್ತೈದು ವರ್ಷ ತಲೆ ಕೆರೆದುಕೊಂಡವಳಿಗೆ ಆ ಮಾತು ಕೇಳಿ ಮೈಯೆಲ್ಲ ಉರಿಯಿತು. ಉರಿ ಇಳಿದ ಮೇಲೆ ಭಯವಾಯಿತು. ನಾನು ತಿಳಿದುಕೊಳ್ಳಬೇಕಾದ್ದು ಏನೋ ಇತ್ತು, ನಾನು ತಿಳಿದುಕೊಳ್ಳಲಿಲ್ಲ ಎಂದಾಯಿತಲ್ಲ.

ಪಲ್ಲಡಂ

ಪಲ್ಲಡಂ ಇರುವುದು ತಿರುಪ್ಪೂರಿನ ಹತ್ತಿರ. ತಿರುಪ್ಪೂರಿನಲ್ಲಿ ಬಸ್ಸು ಬದಲಾಯಿಸುವಾಗ ನೋಡಿದೆ, ಊರಿಗೆ ಊರೇ ಬನಿಯನ್ನಿನದು. ಗೂಡ್ಸ್ ಆಟೋಗಳಲ್ಲಿ ಬನಿಯನ್ ಬಟ್ಟೆಯ ಸುರುಳಿ, ಅಂಗಡಿಯ ಮುಂದೆ ಬನಿಯನ್ನಿನ ಚೂರು, ಸ್ಕೂಟರ್ ಒರೆಸುವವನ ಕೈಯಲ್ಲೂ ಅದೇ. ಟೀ ಅಂಗಡಿಯಲ್ಲಿ ನನ್ನ ಮೈಮೇಲೆ ಟೀ ಚೆಲ್ಲಿದಾಗ ನಾಲ್ಕು ಕಡೆಯಿಂದ ನಾಲ್ಕು ಬಣ್ಣದ ಚೂರು ಬಂದವು. ನಮ್ಮಲ್ಲಾದರೆ ಒಬ್ಬರು ನೀರು ಕೊಡುತ್ತಿದ್ದರು, ಮೂವರು ಹೇಗೆ ಚೆಲ್ಲಿತು ಎಂದು ವಿಚಾರಿಸುತ್ತಿದ್ದರು.

ಶೆಡ್ಡಿನ ಒಡತಿ ನನ್ನ ವಯಸ್ಸಿನವರು. ಮಾತಾಡಿಸಲು ಬಾಗಿಲವರೆಗೂ ಬಂದರು, ಆದರೆ ಅಲ್ಲಿ ಮಾತು ಸಾಧ್ಯವೇ ಇರಲಿಲ್ಲ. ಇಪ್ಪತ್ತನಾಲ್ಕು ಮಗ್ಗ ಒಟ್ಟಿಗೆ ಓಡುತ್ತಿದ್ದವು. ಒಂದಕ್ಕೊಂದು ತಾಳವಿಲ್ಲ, ಎಲ್ಲವೂ ಅದರದರ ಪಾಡಿಗೆ ಬಡಿದುಕೊಳ್ಳುತ್ತಿದ್ದವು. ಎರಡು ನಿಮಿಷಕ್ಕೇ ನನ್ನ ಕಿವಿ ಜುಮ್ಮೆಂದಿತು. ಒಡತಿ ನನ್ನನ್ನು ಬೇವಿನ ಮರದ ಕೆಳಗೆ ಕರೆದೊಯ್ದರು.

"ಲಿಂಗಣ್ಣನಾ? ಇಲ್ಲೇ ಇದ್ರುಂಗ, ಹದಿನೆಂಟು ವರ್ಷ. ಊಟದ ಹೊತ್ತಿಗೆ ಮಗ್ಗ ನಿಂತರೆ ಡಬ್ಬಿ ಮೇಲೆ ಬೆರಳಲ್ಲಿ ಬಾರಿಸೋರು. ನಾವೆಲ್ಲ ಸುತ್ತ ಕೂತ್ಕೊಳ್ಳೋದು. ಬರ್ತಾ ಬರ್ತಾ ಕೂಗಿದರೂ ತಿರುಗಲಿಲ್ಲ. ಡಾಕ್ಟರು ಕಿವಿ ಹೋಯ್ತು ಅಂದ್ರು."

ಒಡತಿಯ ಮಾತು ತಮಿಳಿನಲ್ಲಿತ್ತು, ಆದರೂ ಒಂದೊಂದು ಪದವೂ ಗಟ್ಟಿಯಾಗಿ ಬಂದು ತಾಗಿತು. ಡ್ರಮ್ಸ್ ಬಾರಿಸುವವನ ಕಿವಿ.

"ಈಗ ಉಡುಮಲೈ ಹತ್ತಿರ, ಹೆಂಡತಿ ಊರಲ್ಲಿ. ತಿರುಗಿ ಕೈಮಗ್ಗಕ್ಕೇ ಹೋದ್ರುಂಗ. ಕೈಮಗ್ಗಕ್ಕೆ ಕಿವಿ ಬೇಡ, ಕಾಲು ಹೇಳುತ್ತೆ ಅಂದ್ರು."

ಅವತ್ತು ಲಾಡ್ಜಿಗೆ ಬಂದು ಯಜಮಾನರಿಗೆ ಫೋನ್ ಮಾಡಿದೆ. ವಾಪಸ್ ಬಂದುಬಿಡಲೇ ಎಂದೆ. ಕೇಳಿಸದವನ ಹತ್ತಿರ ಹೋಗಿ ಏನು ಕೇಳುವುದು? ಅವರು, "ಅಷ್ಟು ದೂರ ಹೋಗಿ ಕಾಣದೆ ಬಂದ್ರೆ ಇನ್ನೊಂದು ಮೂವತ್ತೈದು ವರ್ಷ ಅದನ್ನ ಬೇರೆ ಕೇಳ್ಬೇಕು ನಾನು. ಹೋಗಿ ಬಾ" ಎಂದರು. ಒಳ್ಳೆಯ ಮನುಷ್ಯ. ಹಾಡಲು ಬಾರದು, ಆದರೆ ಒಳ್ಳೆಯ ಮನುಷ್ಯ.

ಉಡುಮಲೈ

ಉಡುಮಲೈಪೇಟೆಯ ಗಾಳಿ ನಮ್ಮ ಆಷಾಢದ ಗಾಳಿಯಂತಲ್ಲ. ಅದಕ್ಕೆ ಬಿಡುವೇ ಇಲ್ಲ. ತೆಂಗಿನ ತೋಟಗಳ ಮೇಲೆ ಬಿಳಿಯ ಗಾಳಿಯಂತ್ರಗಳು ತಿರುಗುತ್ತಲೇ ಇರುತ್ತವೆ. ಊರಿನಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಆಟೋ ಇಳಿದಾಗ ನನ್ನ ಸೆರಗು ಆಟೋದ ಕಂಬಿಗೆ ಸುತ್ತಿಕೊಂಡು, ಅದನ್ನು ಬಿಡಿಸಲು ಮೂರು ಮನೆಯವರು ಬಂದರು. ನೇಕಾರರ ಬೀದಿ. ಅವರವರಲ್ಲಿ ಕನ್ನಡ, ಆಟೋದವನ ಜೊತೆ ತಮಿಳು, ನನ್ನನ್ನು ನೋಡಿ ಒಂದು ಗಳಿಗೆ ಯಾವುದೂ ಇಲ್ಲ.

ರಾಮಲಿಂಗಂ ಜಗುಲಿಯಲ್ಲಿ ಕೂತು ನೂಲು ಸುತ್ತುತ್ತಿದ್ದ. ತೆಳ್ಳಗಾಗಿದ್ದ. ತಲೆಯೆತ್ತಿ ನೋಡಿದ, ಮತ್ತೆ ನೋಡಿದ. ಕೈಯಲ್ಲಿದ್ದ ನೂಲಿನ ಕಂಡಿಕೆ ಉರುಳಿ ಮೆಟ್ಟಿಲು ಇಳಿಯಿತು.

"ಮೈಸೂರಮ್ಮಾ" ಎಂದ. ತನ್ನ ದನಿ ತನಗೆ ಕೇಳದವರು ಜೋರಾಗಿ ಮಾತಾಡುತ್ತಾರೆ ಎಂದುಕೊಂಡಿದ್ದೆ. ಅವನದು ಪಿಸುಮಾತಿನಷ್ಟು ಮೆಲ್ಲಗಿತ್ತು.

ಒಳಗಿನಿಂದ ಅವನ ಹೆಂಡತಿ ಸರೋಜಮ್ಮ ಬಂದರು. ದುಂಡುಮುಖ, ಬೆರಳಿಗೆಲ್ಲ ಬೂದಿ. "ವಾಂಗ, ವಾಂಗ! ಮೈಸೂರಮ್ಮ ತಾನೆ? ಫೋಟೋ ನೋಡಿದೀನುಂಗ. ಅದ್ರಲ್ಲಿ ಕೂದ್ಲು ಹಿಂಗ್ ನಿಂತಿತ್ತು" ಎಂದು ತಲೆಯ ಮೇಲೆ ಕೈಯಿಟ್ಟು ಎತ್ತರ ತೋರಿಸಿದರು. "ಒಳಗ್ ಬನ್ನಿ, ಮೊದ್ಲು ತಣ್ಣಿ ಕುಡೀರಿ. ಅವ್ರ್‌ತ್ರ ಮಾತಾಡ್ಬೇಕಾದ್ರೆ ಮೊಗ ನೋಡ್ಕೊಂಡ್ ಮಾತಾಡಿ, ಬಾಯಿ ನೋಡಿ ತಿಳ್ಕೊಳ್ತಾರೆ."

ನೀರು ಕುಡಿದೆ. ಕಾಫಿ ಕುಡಿದೆ. ಮಕ್ಕಳು ಎಷ್ಟು, ಎಲ್ಲಿದ್ದಾರೆ ಎಂಬುದೆಲ್ಲ ಆಯಿತು. ಅವನೂ ನಾನೂ ಒಬ್ಬರನ್ನೊಬ್ಬರು ನೋಡುವುದು, ನಗುವುದು, ಮತ್ತೆ ಬೇರೆ ಕಡೆ ನೋಡುವುದು. ಕೇಳಬೇಕಾದ್ದು ಇಷ್ಟು ವರ್ಷ ಸಾಣೆ ಹಿಡಿದಿಟ್ಟುಕೊಂಡ ಒಂದೇ ಪ್ರಶ್ನೆ. ಯಾಕೆ ಎದ್ದುಹೋದೆ ಎಂದು ಅವನ ಹೆಂಡತಿಯ ಎದುರು, ಅವರು ಕೊಟ್ಟ ಕಾಫಿ ಕುಡಿಯುತ್ತ, ಬಾಯಿ ದೊಡ್ಡದು ಮಾಡಿಕೊಂಡು ಹೇಗೆ ಕೇಳುವುದು?

ಸರೋಜಮ್ಮ ಬಿಟ್ಟು ಬಂದ ಕೆಲಸಕ್ಕೆ ಕೂತರು. ಮಗ್ಗದಲ್ಲಿ ಸೀರೆ ನೇಯ್ದಾಗಿತ್ತು, ಕತ್ತರಿಸಿ ತೆಗೆದಾಗಿತ್ತು. ಆದರೆ ಎಳೆ ಪೋಣಿಸುವ ಬಾಚಣಿಗೆಯಂಥ ಹಣಿಗೆಯಲ್ಲಿ ಒಂದು ಮೊಳದಷ್ಟು ಹಳೆಯ ಹಾಸು, ಉದ್ದೆಳೆಗಳ ಸಾಲು, ನೇಯದೆ ಹಾಗೆಯೇ ಉಳಿದಿತ್ತು. ಅವರು ಬೂದಿಯಲ್ಲಿ ಬೆರಳು ಅದ್ದಿ, ಹಳೆಯ ಎಳೆಯ ತುದಿಯನ್ನೂ ಹೊಸ ಎಳೆಯ ತುದಿಯನ್ನೂ ಹಿಡಿದು ಹೊಸೆಯುತ್ತಿದ್ದರು. ಒಂದಾದ ಮೇಲೆ ಒಂದು, ಕಣ್ಣು ಬೇರೆಲ್ಲೋ ಇದ್ದರೂ ಬೆರಳು ತಪ್ಪುತ್ತಿರಲಿಲ್ಲ. ಮಾತು ಸಿಗದೆ ನಾನು ಕೇಳಿದೆ:

"ಇಷ್ಟು ಹಾಸು ಯಾಕೆ ಬಿಟ್ಟಿದ್ದೀರಿ ಸರೋಜಮ್ಮ? ಇದನ್ನೂ ನೇಯ್ದು ಮುಗಿಸಬಾರದಾ?"

"ಐಯೋ, ಮುಗಿಸ್ಬಾರ್ದುಂಗಮ್ಮಾ!" ಅವರು ನನ್ನ ಅಜ್ಞಾನಕ್ಕೆ ನಕ್ಕರು. "ಕಡೇ ತನ್ಕ ನೇಯ್ದ್‌ಬಿಟ್ರೆ ಹೊಸಾದ್ನ ಎದ್ರಲ್ಲಿ ಸೇರ್ಸೋದು? ಹಣಿಗೆ ಕಾಲಿ ಆಗ್ಬಿಡುತ್ತೆ. ಅಷ್ಟು ಸಾವ್ರ ಎಳೇನೂ ಮೊದ್ಲಿಂದ ಪೋಣಿಸ್ಬೇಕು, ಪ್ರಾಣ ಹೋಗುತ್ತೆ. ಅದ್ಕೇ ಒಂದ್ ಮೊಳ ಬಿಟ್ಬಿಡೋದು. ನಮ್ ಜನದಲ್ಲಿ ಮಗ್ಗಕ್ಕೆ ಕುಂತಿದ್ದೋರು ಊರಿಗ್ ಹೊರಟ್ರೂನು ಪೂರ್ತಿ ನೇಯ್ದ್ ಹೋಗಲ್ಲ, ಬಿಟ್ಟೇ ಹೋಗೋದು. ತಿರುಗಿ ಬರ್ಬೇಕಲ್ಲ? ಪೂರ್ತಿ ಮುಗಿಸಿ ಎದ್ರೆ, ಇನ್ ಬರಲ್ಲ ಅಂತ ಅರ್ಥ."

ನಾನು ರಾಮಲಿಂಗಂ ಕಡೆ ತಿರುಗಿದೆ. ಅವನು ಹೆಂಡತಿಯ ತುಟಿಗಳನ್ನೇ ನೋಡುತ್ತಿದ್ದವನು ತಲೆ ಬಗ್ಗಿಸಿದ.

"ನಿಮ್ಗೆ ತಿಳಿಯುತ್ತೆ ಅಂದ್ಕೊಂಡಿದ್ದೆ" ಎಂದ, ಅದೇ ಮೆಲುದನಿಯಲ್ಲಿ. "ನಾವು ಚಿಕ್ಕದ್ರಿಂದ ಇದ್ರಲ್ಲೇ ಇದ್ದೋರು. ಎಲ್ರಿಗೂ ತಿಳಿದಿರುತ್ತೆ ಅಂತ."

ಸರೋಜಮ್ಮ ಹೊಸೆಯುತ್ತಲೇ ಇದ್ದರು. ನಾನು ಲೋಟ ಕೆಳಗಿಟ್ಟೆ. ರಸಾಯನಶಾಸ್ತ್ರ ಪಾಠ ಹೇಳಿದವಳು ನಾನು, ನೂರಾರು ಮಕ್ಕಳಿಗೆ ಯಾವುದು ಯಾವುದರ ಜೊತೆ ಸೇರುತ್ತದೆ ಎಂದು ಕಲಿಸಿದವಳು. ನಾನು ತಿರುಗಿ ಬರಲೆಂದು ಒಬ್ಬನು ಹಾಡಿನ ಒಂದು ಮೊಳ ಬಿಟ್ಟು ಎದ್ದುಹೋದದ್ದನ್ನು ಅವಮಾನ ಎಂದುಕೊಂಡು ಮೂವತ್ತೈದು ವರ್ಷ ಸಾಕಿದೆ. ಅವನು ಎಷ್ಟು ದಿನ ದಾರಿ ನೋಡಿದನೋ. ನನಗೆ ಅಳು ಬಂತು. ಗಾಳಿಗೆ ಕಣ್ಣಲ್ಲಿ ಧೂಳು ಎಂದು ಹೇಳಿ ಒರೆಸಿಕೊಂಡೆ.

"ಒಂದ್ ಪಾಟು ಹೇಳೀಂಗಮ್ಮಾ" ಎಂದರು ಸರೋಜಮ್ಮ. "ಆ ಬಾಗ್ಲು ಸಾತಿಲ್ಲ ಪಾಟು. ಇವ್ರು ನೇಯ್ತಾ ಹೇಳ್ತಾ ಇರ್ತಾರೆ. ಕಿವಿ ಹೋದ್ಮೇಲೆ ರಾಗ ಎಲ್ಲೆಲ್ಲೋ ಹೋಗುತ್ತೆ. ನಿಜ ರಾಗ ನಾನು ಕೇಳೇ ಇಲ್ಲ."

ನನ್ನ ದನಿ ಈಗ ದನಿಯಲ್ಲ, ಹಳೆಯ ಬೀರುವಿನ ಬಾಗಿಲು. ಆದರೂ ಹಾಡಿದೆ. ರಾಮಲಿಂಗಂ ಮಗ್ಗದ ಅಡ್ಡಮರದ ಮೇಲೆ ಎರಡು ಕೈ ಇಟ್ಟು ನನ್ನ ಬಾಯಿಯನ್ನೇ ನೋಡುತ್ತ ಶುರುಮಾಡಿದ. ಒಂದು ಕೂದಲೆಳೆ ಆಚೀಚೆ ಇಲ್ಲ. ನಾನು ಉಸಿರಿಗೆ ನಿಂತರೆ ಅವನೂ ನಿಂತ, ನಾನು ಓಡಿದರೆ ಓಡಿದ. ನೂಲು ನೆನೆ ಹಾಕಿದೆವು, ಕಣ್ಣು ನೆನೆ ಹಾಕಿದೆವು. ಇಪ್ಪತ್ತೆರಡರ ಹುಡುಗಿ ಮದುಕ್ಕರೈಯ ಸಿಮೆಂಟಿನ ಧೂಳಿನಲ್ಲಿ ನಿಂತು ಹಾಡುತ್ತಿದ್ದಳು. ಆ ಹುಡುಗಿಯನ್ನು ನಾನು ಎಲ್ಲಿ ಬಿಟ್ಟುಬಂದೆನೋ ಅಲ್ಲಿಯೇ ಇದ್ದಳು.

ಬಾಗ್ಲು ಸಾತಿಲ್ಲ, ತಳ್ಳಿದ್ರೆ ಸಾಕು.

ಅವನ ಕೈಗಳು ಮೇಲೆ ನಿಂತವು.

"ನೋಡಿ, ಇಲ್ಲೇ!" ಎಂದರು ಸರೋಜಮ್ಮ. "ಯಾವಾಗ್ಲೂ ಇಲ್ಲೇ ನಿಲ್ಸ್‌ಬಿಡ್ತಾರೆ. ಪಾಟು ಇಷ್ಟೇನಾಂಗಮ್ಮಾ, ಇನ್ನೂ ಇದೆಯಾ?"

ಇಬ್ಬರೂ ನನ್ನನ್ನು ನೋಡುತ್ತಿದ್ದರು. ರಾಮಲಿಂಗಂ ಕೈ ಇಳಿಸದೆ ಕೇಳಿದ, "ಮುಗಿಸ್ಲಾ?"

ಬೇಡ ಎನ್ನಬೇಕೆಂದು ಎಷ್ಟು ಆಸೆಯಾಯಿತು. ಸರೋಜಮ್ಮ ಬೂದಿಯ ಬೆರಳುಗಳನ್ನು ಹಾಗೇ ಹಿಡಿದುಕೊಂಡು, ಹಾಡು ಕೇಳುವ ಮಗುವಿನಂತೆ ಕಾಯುತ್ತಿದ್ದರು. ಮೈಸೂರಿನಲ್ಲಿ ಒಬ್ಬರು ಅನ್ನ ಮಾಡಿಕೊಂಡು ಒಬ್ಬರೇ ಊಟಕ್ಕೆ ಕೂತಿದ್ದರು. ನಾನು ಹೂಂ ಎಂದು ತಲೆಯಾಡಿಸಿದೆ.

ಒಂದು. ಎರಡು. ಮೂರು. ನಾಲ್ಕು.

"ನಲ್ಲಾ ಇತ್ತುಂಗ" ಎಂದು ಸರೋಜಮ್ಮ ಮತ್ತೆ ಎಳೆ ಹಿಡಿದರು. ರಾಮಲಿಂಗಂ ಅಂಗೈಗಳನ್ನು ಪಂಚೆಗೆ ಒರೆಸಿಕೊಂಡ. ಹೊರಡುವಾಗ "ಬರ್ತೀನಿ" ಎಂದೆ. ಅವನು ಮೆಟ್ಟಿಲ ಕೆಳಗೆ ಬಿದ್ದಿದ್ದ ಕಂಡಿಕೆ ಎತ್ತಿಕೊಳ್ಳಲು ಬಗ್ಗಿದ್ದ, ನನ್ನ ಮುಖ ನೋಡುತ್ತಿರಲಿಲ್ಲ. ಮತ್ತೊಮ್ಮೆ ಹೇಳಲು ನನಗೆ ಧೈರ್ಯ ಬರಲಿಲ್ಲ.

ಬಸ್ಸಿನಲ್ಲಿ ಈ ಸಲ ನೆನಪಿಟ್ಟುಕೊಂಡು ಎಡಗಡೆ ಕೂತೆ. ಯಜಮಾನರ ಫೋನು ಬಂತು.

"ಸಿಕ್ತಾ ನಾಲ್ಕು ಪೆಟ್ಟು?"

"ಸಿಕ್ತು" ಎಂದೆ.

"ಅಬ್ಬಾ! ಇನ್ನು ಮೇಲೆ ಅನ್ನ ಸೀಯಲ್ಲ."

ನಿಜ, ಸೀಯುವುದಿಲ್ಲ. ಊರಿಗೆ ಬಂದು ತಿಂಗಳಾಯಿತು. ಕುಕ್ಕರು ಮೂರು ಸಲ ಕೂಗುತ್ತದೆ, ನಾನು ಒಲೆ ಆರಿಸುತ್ತೇನೆ.